ಆಯುಧಪೂಜೆಗೆ ಬಂದ ಗಂಟು

"ಕಳಿಸಿದ್ದು ನಾನೇ," ಅಂದರು ಕೊಟ್ರಬಸಪ್ಪ. "ಅದರೊಳಗ ಮುಚ್ಚಿಡೋದು ಏನೈತ್ರಿ?"

ಹಗರಿಗುಡ್ಡ ಠಾಣೆಯ ಎಎಸ್‌ಐ ಉಚ್ಚಂಗೆಮ್ಮ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟಳು. ಕಳ್ಳರನ್ನು ಅವಳು ಸಾಕಷ್ಟು ನೋಡಿದ್ದಳು. ಮೊದಲು ಇಲ್ಲ ಅನ್ನುತ್ತಾರೆ, ಆಮೇಲೆ ನೆನಪಿಲ್ಲ ಅನ್ನುತ್ತಾರೆ, ಕಡೆಗೆ ಹೆಂಡತಿ ಮಕ್ಕಳ ಹೆಸರು ತೆಗೆದು ಅಳುತ್ತಾರೆ. ಕೇಳಿದ ಕೂಡಲೇ ಎದೆ ಮುಂದು ಮಾಡಿ ಒಪ್ಪಿಕೊಳ್ಳುವ ಮನುಷ್ಯ ಒಂದೋ ಬಹಳ ಪಕ್ಕಾ ಇರಬೇಕು, ಇಲ್ಲವೇ ತಾನು ಒಪ್ಪಿಕೊಂಡದ್ದು ಏನು ಅನ್ನುವುದೇ ಅವನಿಗೆ ಗೊತ್ತಿರಬಾರದು.

ಕೊಟ್ಟೂರಿನ ನಾಗಲಿಂಗ ಮುದ್ರಣಾಲಯದಲ್ಲಿ ಯಂತ್ರ ನಿಂತಿತ್ತು. ಪೊಲೀಸ್ ಜೀಪು ಬಾಗಿಲಿಗೆ ಬಂದಾಗ ಯಜಮಾನರಾದ ಕೊಟ್ರಬಸಪ್ಪನವರೇ ನಿಲ್ಲಿಸಿದ್ದರು. ಬೆದರಿ ಅಲ್ಲ, ಮಾತು ಸರಿಯಾಗಿ ಕೇಳಿಸಲಿ ಎಂದು. ಕತ್ತರಿಸಿಟ್ಟ ಲಗ್ನಪತ್ರಿಕೆಗಳ ರಾಶಿಯ ಹಿಂದೆ ಕೆಲಸದವರು ಸಾಲಾಗಿ ನಿಂತು ಕೇಳುತ್ತಿದ್ದರು.

ಐದು ತಾಲ್ಲೂಕಿನ ಮಕ್ಕಳು ಬರೆಯುವ ಹಗರಿ ಬಳಗದ ಪ್ರತಿಭಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಈ ಸಲ ಪರೀಕ್ಷೆಯ ಹಿಂದಿನ ಸಂಜೆಯೇ ಮೊಬೈಲುಗಳಲ್ಲಿ ಹರಿದಾಡಿತ್ತು. ಅದನ್ನು ಟೈಪ್ ಮಾಡಿದವಳು ಹಗರಿಬೊಮ್ಮನಹಳ್ಳಿಯ ರೇಖಾ ಒಬ್ಬಳೇ.

ಆ ಪರೀಕ್ಷೆಯೆಂದರೆ ಈ ಸೀಮೆಗೆ ಏನು ಎಂಬುದು ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಅದಕ್ಕೆ ಸರಕಾರದ ಹಂಗಿಲ್ಲ. ಮೇಷ್ಟ್ರುಗಳು ತಮ್ಮ ಭಾನುವಾರಗಳನ್ನು ಕೊಟ್ಟು ನಡೆಸುತ್ತಾರೆ. ಗೆದ್ದ ಮಕ್ಕಳಿಗೆ ಒಳ್ಳೆಯ ಹಾಸ್ಟೆಲ್, ಒಳ್ಳೆಯ ಶಾಲೆ. ಕೂಡ್ಲಿಗಿಯ ಚಹಾದಂಗಡಿಯಲ್ಲಾಗಲಿ ಹಡಗಲಿಯ ಮಲ್ಲಿಗೆ ತೋಟದಲ್ಲಾಗಲಿ 'ನಮ್ಮ ಪರೀಕ್ಷಿ' ಅನ್ನುವಾಗ ಜನರ ದನಿ ತಾನಾಗಿ ಏರುತ್ತಿತ್ತು. ಬಿಸಿಯೂಟದ ಅಡುಗೆ ಮಾಡುವ ದ್ಯಾಮಕ್ಕನ ಮಗಳು ರೇಖಾ ಓದಿ ಮೇಲೆ ಬಂದದ್ದೂ ಅದೇ ಪರೀಕ್ಷೆಯ ಕೈ ಹಿಡಿದು.

ಈಗ ಅವಳು ಗ್ರಾಮ ಆಡಳಿತ ಅಧಿಕಾರಿಯಾಗಿ ಆಯ್ಕೆಯಾಗಿದ್ದಳು. ಬುದ್ಧನ ಪಟದ ಪಕ್ಕದಲ್ಲಿ ಆಯ್ಕೆಪಟ್ಟಿಯ ಪ್ರತಿ ಅಂಟಿಸಿಕೊಂಡಿದ್ದ ದ್ಯಾಮಕ್ಕ, ಬಂದವರಿಗೆಲ್ಲ ಅದರಲ್ಲಿ ಮಗಳ ಹೆಸರನ್ನು ಬೆರಳಿಟ್ಟು ತೋರಿಸುತ್ತಿದ್ದಳು. ಆದೇಶ ಕೈಗೆ ಬರಲು ಉಳಿದಿದ್ದದ್ದು ಒಂದೇ, ಹಗರಿಗುಡ್ಡ ಠಾಣೆಯಿಂದ ನಡತೆಯ ವರದಿ. ಸಬ್ ಇನ್‌ಸ್ಪೆಕ್ಟರ್ ಗವಿಸಿದ್ದೇಶ್ ಸೋಮವಾರ ಎಫ್‌ಐಆರ್‌ನಲ್ಲಿ ಅವಳ ಹೆಸರು ಬರೆಯುವುದಾಗಿ ಹೇಳಿದ್ದ. ಹೆಸರು ಬಿದ್ದರೆ ನೌಕರಿ ಅಲ್ಲಿಗೇ ಮುಗಿಯಿತು. ಇವತ್ತು ಶನಿವಾರ.

"ಪ್ರಶ್ನೆಪತ್ರಿಕೆ ಟೈಪ್ ಮಾಡೋ ಕೆಲಸ ಮೊದಲು ನಿಮ್ಮ ಹತ್ರ ಇತ್ತು," ಅಂದಳು ಉಚ್ಚಂಗೆಮ್ಮ. "ನಿಮ್ಮಿಂದ ತಗದು ರೇಖಾಗ ಕೊಟ್ರು. ನಿಮ್ಮ ಶಿಷ್ಯಾಳಿಗೇ."

"ಹೊಟ್ಟಿಕಿಚ್ಚಿಗೆ ಮಾಡ್ಯಾನ ಅಂತ ನೇರ ಹೇಳ್ರಿ ಮೇಡಂ. ನಾಚಿಕೊಂಡು ಯಾಕ ಕೇಳ್ತೀರಿ?"

"ನಾಚಿಕಿ ನನ್ನ ಡ್ಯೂಟ್ಯಾಗ ಇಲ್ರಿ. ಹೇಳ್ರಿ."

"ಆಕಿಗೆ ಕೊಡ್ರಿ ಅಂತ ಬಳಗದವರಿಗೆ ಹೇಳಿದಾವ ನಾನೇ. ನನ್ನ ಕಣ್ಣು ಮೊದಲಿನಂಗಿಲ್ಲ. ಆಕಿ ಕೈಯಾಗ ಒಂದು ತಪ್ಪು ಬೀಳಂಗಿಲ್ಲ. ಕಲಿಸಿದಾವ ಯಾರು ಹೇಳ್ರಿ?"

ಕೊನೆಯ ಮಾತಿಗೆ ಅವರು ಮೀಸೆ ಮೇಲೆ ಕೈಯಾಡಿಸಿದರು. ಇದೇ ಸಂಗತಿಯನ್ನು ಬಳಗದ ಕಾರ್ಯದರ್ಶಿ, ಹರಪನಹಳ್ಳಿಯ ತಿಪ್ಪೇರುದ್ರಮ್ಮ ಟೀಚರ್, ಉಚ್ಚಂಗೆಮ್ಮನಿಗೆ ನಿನ್ನೆಯೇ ಹೇಳಿದ್ದರು. ಆದರೂ ಕೇಳಿದ್ದಳು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮೊದಲು ಕೇಳಿದರೆ ಮನುಷ್ಯನ ಅಳತೆ ಸಿಗುತ್ತದೆ. ಕೊಟ್ರಬಸಪ್ಪ ನಿಜ ಹೇಳಿದ್ದರು, ಅದೂ ಜಂಬದಿಂದ.

ಉಚ್ಚಂಗೆಮ್ಮನ ಪಕ್ಕದಲ್ಲಿ ಕೂತಿದ್ದ ಭೀಮೇಶ್ ಲ್ಯಾಪ್‌ಟಾಪ್ ತೆರೆದ. ಹಡಗಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು. ರೇಖಾಳ ಕಂಪ್ಯೂಟರಿಗೆ ಪಂಚರ ಮುಂದೆ ಸೀಲ್ ಹಾಕಿ, ಅದರ ಒಂದು ನಕಲು ಮಾಡಿಕೊಂಡು ಎರಡು ದಿನ ಜಾಲಾಡಿದ್ದು ಇವನೇ.

"ಗುರುಗಳ, ನೀವು ಆಯುಧಪೂಜೆಗೆ ಎಲ್ಲರಿಗೂ ಕಳಿಸಿದ ಜಿಪ್ ಇದು," ಅಂದ.

"ವರ್ಷಾ ಕಳಿಸ್ತೀನಿ. ಶಿಷ್ಯರು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ನನಗ ಫೋನ್ ಮಾಡ್ತಾರ. ಬರೇ ಆಶೀರ್ವಾದ ಕೊಟ್ರ ಏನು ಬಂತು? ಹೊಸಾ ಫಾಂಟು ಮಾಡಿ ಗಂಟು ಕಟ್ಟಿ ಕಳಿಸ್ತೀನಿ. ಈ ಸಲದ ಅಕ್ಷರ ನೋಡೀರೇನು? ನಮ್ಮಪ್ಪನ ಕಾಲದ ಕಟ್ಟಿಗಿ ಅಚ್ಚು ಮುಂದಿಟ್ಕೊಂಡು ಒಂದೊಂದೇ ತಿದ್ದೀನಿ."

ಅವರು ಎದ್ದು ಗೋಡೆಯ ಮೇಲಿನ ಪೋಸ್ಟರ್ ತೋರಿಸಿದರು. ಅಕ್ಷರಗಳು ನಿಜಕ್ಕೂ ಚೆಂದ ಇದ್ದವು. ಹೊಟ್ಟೆ ತುಂಬ ಉಂಡು ಕಟ್ಟೆಯ ಮೇಲೆ ಕೂತ ಹಿರಿಯರ ಹಾಗೆ ದುಂಡಗೆ, ನಿಶ್ಚಿಂತೆಯಿಂದ ಕೂತಿದ್ದವು.

ಈ ಸೀಮೆಯ ಅಚ್ಚಿನ ಅಂಗಡಿ, ಟೈಪಿಂಗ್ ಅಂಗಡಿ, ಜೆರಾಕ್ಸ್ ಅಂಗಡಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಬಹುತೇಕರು ಈ ಮನುಷ್ಯನ ಶಿಷ್ಯರೇ. ಕಲಿತು ಹೊರಡುವಾಗ ಗುರುಗಳು ಒಂದು ಪೆನ್‌ಡ್ರೈವ್ ಕೊಡುತ್ತಿದ್ದರು. ಅಂಗಡಿಗೆ ಬೇಕಾದ ಸಾಫ್ಟ್‌ವೇರ್ ಎಲ್ಲ ಅದರಲ್ಲೇ ಇರುತ್ತಿತ್ತು. ಹೊಸ ಕಂಪ್ಯೂಟರ್ ಕೊಂಡರೂ ಮೊದಲು ಏರುತ್ತಿದ್ದದ್ದು ಅದೇ.

"ಅಕ್ಷರ ಭಾರಿ ಅದಾವ್ರಿ," ಅಂದಳು ಉಚ್ಚಂಗೆಮ್ಮ ಮನಸಾರೆ. "ಆದ್ರ ನಿಮ್ಮ ಗಂಟಿನೊಳಗ ಅಕ್ಷರದ ಜೋಡಿ ಒಬ್ಬ ಕಳ್ಳನೂ ಹೋಗ್ಯಾನ."

ಕೊಟ್ರಬಸಪ್ಪನ ಕೈ ಪೋಸ್ಟರಿನ ಮೇಲೇ ನಿಂತಿತು.

"ಭೀಮೇಶಪ್ಪ, ನನಗ ಹೇಳಿದಂಗ ಅವರಿಗೂ ಹೇಳು," ಅಂದಳು.

ಭೀಮೇಶ್ ಮೇಷ್ಟ್ರಲ್ಲವೇ, ಹೇಳುವುದು ಅವನಿಗೆ ಹೊಸದಲ್ಲ. "ಜಿಪ್ ಅಂದ್ರ ಸಾಮಾನು ಒತ್ತಿ ಕಟ್ಟಿದ ಗಂಟು. ಒಳಗಿನ ಒಂದೊಂದು ಸಾಮಾನಿನ ಮ್ಯಾಲೂ ಒಂದು ಚೀಟಿ ಇರತೈತಿ, ಬಿಚ್ಚಿದ ಮ್ಯಾಲ ಇದನ್ನ ಎಲ್ಲಿ ಇಡಬೇಕು ಅಂತ. ಬಿಚ್ಚೋ ಸಾಫ್ಟ್‌ವೇರ್ ಚೀಟಿ ಓದಿ ಅಲ್ಲಿ ಇಡತೈತಿ. ನಾವು ಪಡಸಾಲ್ಯಾಗ ಕುಂತು ಗಂಟು ಬಿಚ್ಚಿದ್ರ ಎಲ್ಲಾ ಪಡಸಾಲ್ಯಾಗೇ ಬೀಳಬೇಕು. ಆದ್ರ ಈ ಹಳೇ ಸಾಫ್ಟ್‌ವೇರಿಗೆ ಒಂದು ದೌರ್ಬಲ್ಯ ಐತಿ. ಚೀಟಿಯೊಳಗ 'ದೇವರ ಕೋಣಿ' ಅಂತ ಬರದಿದ್ರ ಯಾರನ್ನೂ ಕೇಳದ ಒಯ್ದು ದೇವರ ಕೋಣ್ಯಾಗ ಇಟ್ಟುಬಿಡತೈತಿ."

"ಕಂಪ್ಯೂಟರಿಗೆ ಯಾವುದಪ್ಪ ದೇವರ ಕೋಣಿ?"

"ಒಂದು ಫೋಲ್ಡರ್ ಐತ್ರಿ. ಅದರೊಳಗ ಇದ್ದದ್ದು, ಮಷೀನು ಚಾಲೂ ಆದ ಕೂಡಲೇ ತಾನಾಗೇ ಓಡಾಕ ಹತ್ತತೈತಿ. ರೇಖಾ ಗಂಟು ಬಿಚ್ಚಿದಾಗ ಫಾಂಟುಗಳು ಪಡಸಾಲ್ಯಾಗ ಬಿದ್ವು. ಇನ್ನೊಂದು ಫೈಲು ಸದ್ದಿಲ್ಲದ ಒಳಗ ಹೋಗಿ ಕುಂತಿತು. ಆವತ್ತಿನಿಂದ ಆಕಿ ಟೈಪ್ ಮಾಡಿದ್ದೆಲ್ಲ ಹೊರಗ ಹೋಗೈತಿ. ಪ್ರಶ್ನೆಪತ್ರಿಕಿನೂ ಹಂಗೇ ಹೋತು."

"ಆಕಿಗೆ ಗೊತ್ತಾಗಲಿಲ್ಲೇನು?"

"ಹೆಂಗ ಗೊತ್ತಾಗಬೇಕ್ರಿ? ಪಡಸಾಲ್ಯಾಗ ನೀವು ಹೇಳಿದಷ್ಟು ಫಾಂಟು ಇದ್ವು. ನಿಮ್ಮ ಅಕ್ಷರ ನೋಡ್ಕೋತ ಕುಂತಾಳ."

ಕೊಟ್ರಬಸಪ್ಪ ಸರಸರ ನಡೆದು ತಮ್ಮ ಕಂಪ್ಯೂಟರಿನ ಮುಂದೆ ಕೂತರು. "ನನ್ನ ಗಂಟು ನಾನೇ ಕಟ್ಟಿದ್ದು. ಈ ಕುರ್ಚಿ ಮ್ಯಾಲ ನನ್ನ ಬಿಟ್ಟು ಇನ್ನೊಬ್ರು ಕುಂದ್ರಂಗಿಲ್ಲ. ನಿಮ್ಮ ಕಣ್ಣಮುಂದ ಬಿಚ್ಚಿ ತೋರಿಸ್ತೀನಿ ಬರ್ರಿ."

ಜಿಪ್ ಮೇಲೆ ಒತ್ತಿದರು. ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಎದ್ದಿತು. ಅವರ ಬೆರಳು, ಕೆನ್ನೆಯ ಮೇಲಿನ ನೊಣ ಓಡಿಸುವಷ್ಟು ಸಲೀಸಾಗಿ, ಅದನ್ನು ಮುಚ್ಚಿತು.

ಉಚ್ಚಂಗೆಮ್ಮ ಅವರ ಬೆರಳನ್ನೇ ನೋಡುತ್ತಿದ್ದಳು. "ಈಗ ಏನೋ ಮುಚ್ಚಿದ್ರಲ್ಲ, ಏನದು?"

"ಅದಾ? ಹೊಸಾದು ಬಂದೈತಿ, ಅಪ್‌ಡೇಟ್ ಮಾಡ್ಕೊ ಅಂತ ದಿನಾ ಕೇಳತೈತಿ. ಹಾಳಾದ್ದು."

"ದಿನಾ ಮುಚ್ಚತೀರಿ?"

"ನಾನೊಬ್ಬನೇ ಅಲ್ಲ, ನಮ್ಮವರೆಲ್ಲಾ ಮುಚ್ಚತಾರ. ನನ್ನ ಮೊದಲನೇ ಪಾಠ ಅದು. ಹಿಂದಕ ಒಬ್ಬ ಶಿಷ್ಯ, ಹುಲುಗೇಶ ಅಂತ ಕೂಡ್ಲಿಗ್ಯಾಗ ಅದಾನ, ಲಗ್ನದ ಸೀಜನ್ನಾಗ ಎಂಥದೋ ಅಪ್‌ಡೇಟ್ ಒತ್ತಿದ. ಮಾರನೇ ದಿನ ನೋಡಿದ್ರ ಕನ್ನಡ ಅಕ್ಷರ ಎಲ್ಲಾ ಬರೇ ಚೌಕ. ಲಗ್ನಪತ್ರಿಕಿ ಮಾಡಿಸಿದವರು ಅಂಗಡಿ ಮುಂದ ಬಂದು ನಿಂತ್ರು. ಆವತ್ತು ಹೇಳೀನಿ, ಅಪ್‌ಡೇಟ್ ಒತ್ತಿದಾವ ನನ್ನ ಶಿಷ್ಯ ಅಲ್ಲ ಅಂತ. ಇವತ್ತಿನ ತನಕ ಒಬ್ಬರೂ ಮಾತು ಮೀರಿಲ್ಲ."

ಆ ಕೊನೆಯ ಮಾತಿನಲ್ಲಿ ಒಂದು ಮಠದ ಸ್ವಾಮಿಗಿರುವಷ್ಟು ಹೆಮ್ಮೆ ಇತ್ತು.

ಉಚ್ಚಂಗೆಮ್ಮ ಭೀಮೇಶನ ಮುಖ ನೋಡಿದಳು. ಅವನು ನಿಧಾನವಾಗಿ ತಲೆಯಾಡಿಸಿದ. ಎರಡು ದಿನದಿಂದ ಅವನನ್ನು ಕಾಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ದೌರ್ಬಲ್ಯ ಬಯಲಾಗಿ ವರ್ಷಗಳೇ ಆಗಿದ್ದವು, ಮಾಡಿದವರು ಸರಿಪಡಿಸಿ ಹೊಸದನ್ನು ಬಿಟ್ಟಿದ್ದರು, ಲೋಕವೆಲ್ಲ ಹೊಸದಕ್ಕೆ ಹೋಗಿತ್ತು. ಐದು ತಾಲ್ಲೂಕಿನ ಅಂಗಡಿಗಳಲ್ಲಿ ಮಾತ್ರ ಹಳೆಯದೇ ಏಕೆ ಉಳಿಯಿತು? ಗುರುವಿನ ಮಾತಿಗೆ.

"ಯಜಮಾನ್ರ," ಅಂದಳು ಉಚ್ಚಂಗೆಮ್ಮ. ಅವಳ ದನಿ ಮೆತ್ತಗಾಗಿತ್ತು. ಗದರಿದರೆ ಈ ಮನುಷ್ಯ ಕಲ್ಲಾಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು. "ಆವತ್ತು ಅಕ್ಷರ ಕೆಡಿಸಿದ ಅಪ್‌ಡೇಟ್ ಬ್ಯಾರೆ. ದಿನಾ ನೀವು ಮುಚ್ಚೋ ಆ ಚೌಕ, ಹಿತ್ತಲ ಬಾಗಿಲಿಗೆ ಚಿಲಕ ಹಾಕ್ತೀನಿ ಅಂತ ಕೇಳಾಕತ್ತಿತ್ತು. ಬ್ಯಾಡ ಅಂತ ದಿನಾ ಅದನ್ನ ಓಡಿಸೀರಿ. ಶಿಷ್ಯರ ಕೈಲೂ ಓಡಿಸೀರಿ."

ಕೊಟ್ರಬಸಪ್ಪ ಮೌಸಿನ ಮೇಲಿಂದ ಕೈ ತೆಗೆದರು.

"ಅಂದ್ರ ನಾನೇ ಕಳ್ಳ ಅಂತೀರಿ."

"ಬಾಗಿಲು ತಗದಿಟ್ಟಾವ ಅಂದೀನಿ. ಹೊಕ್ಕಾವ ಯಾರು ಅಂತ ನಿಮ್ಮನ್ನೇ ಕೇಳಾಕ ಬಂದೀನಿ. ಕುರ್ಚಿ ಕೊಡ್ರಿ ಹುಡುಗಗ."

ಕೊಟ್ರಬಸಪ್ಪ ಎದ್ದರು. ತಮ್ಮನ್ನು ಬಿಟ್ಟು ಯಾರೂ ಕೂರದ ಕುರ್ಚಿಯನ್ನು ತಾವೇ ಹಿಂದಕ್ಕೆ ಎಳೆದು ಭೀಮೇಶನಿಗೆ ಕೊಟ್ಟರು. ಹಿಂದೆ ನಿಂತಿದ್ದ ಕೆಲಸದವರಲ್ಲಿ ಒಬ್ಬ ಪಕ್ಕದವನ ತೋಳು ಚಿವುಟಿದ.

ಭೀಮೇಶ್ ಬಹಳ ಹೊತ್ತು ಹುಡುಕಲಿಲ್ಲ. ಎಲ್ಲಿ ನೋಡಬೇಕೆಂದು ಅವನಿಗೆ ಗೊತ್ತಿತ್ತು. "ಇಲ್ಲೂ ಐತ್ರಿ," ಅಂದ. "ಅದೇ ಫೈಲು. ಅದೇ ದೇವರ ಕೋಣ್ಯಾಗ."

"ನನ್ನ ಗಂಟು ನಾನೇ ಬಿಚ್ಚಿದ್ದಕ್ಕ ಬಂದಿರಬೇಕು."

"ಅಲ್ರೀ ಗುರುಗಳ. ನೀವು ಫಾಂಟು ಗಂಟು ಕಟ್ಟಿದ್ದು ದಸರಾಕ್ಕ. ಇದು ನಿಮ್ಮ ಮಷೀನಿಗೆ ಬಂದಿದ್ದು ಶ್ರಾವಣದಾಗ. ಒಳಗ ಕುಂತು ಕಾಯ್ತಿತ್ತು. ನೀವು ಯಾವ ಗಂಟು ಕಟ್ಟಿದ್ರೂ ತನ್ನದೊಂದು ನಕಲು ಅದರೊಳಗ ಸೇರಿಸಿ ಕಳಿಸೈತಿ. ನಿಮಗೂ ಯಾರೋ ಕಳಿಸ್ಯಾರ."

ಕೊಟ್ರಬಸಪ್ಪ ಕಂಪ್ಯೂಟರಿನ ಮೇಜನ್ನು ಹಿಡಿದುಕೊಂಡರು. ಬೀಳುತ್ತಾರೇನೋ ಎಂದು ಉಚ್ಚಂಗೆಮ್ಮ ಮುಂದೆ ಬಂದಳು. ಆದರೆ ಅವರು ಬಿದ್ದದ್ದು ಕುರ್ಚಿಯ ಮೇಲಲ್ಲ, ಫೋನಿನ ಮೇಲೆ.

"ಹುಲುಗೇಶಾ," ಅಂದರು, ಆ ಕಡೆ ಎತ್ತಿದ ಕೂಡಲೇ. "ಕೇಳಲೇ ಇಲ್ಲಿ. ಜಿಪ್ ಬಿಚ್ಚೋ ಸಾಫ್ಟ್‌ವೇರ್ ಐತಲ್ಲ, ಅದರ ಅಪ್‌ಡೇಟ್ ಮಾಡ್ಕೊ. ಹೂಂ, ನಾನೇ ಹೇಳಾಕತ್ತೀನಿ. ಕುಡದಿಲ್ಲಲೇ. ಮಾಡ್ಕೊ, ಮಾಡಿ ನಿನ್ನ ಕೈಯಾಗ ಕಲಿತವರಿಗೆಲ್ಲ ಹೇಳು. ಕೊಟ್ರಬಸಪ್ಪ ತನ್ನ ಮಾತು ಹಿಂದಕ ತಗೊಂಡಾನ ಅಂತ ಹೇಳು. ನನ್ನ ಹೆಸರು ತಗೊಂಡೇ ಹೇಳು."

ಫೋನ್ ಇಟ್ಟು ಉಚ್ಚಂಗೆಮ್ಮನ ಕಡೆ ತಿರುಗಿದಾಗ ಅವರ ಕಣ್ಣುಗಳು ಕೆಂಪಾಗಿದ್ದವು, ಕುತ್ತಿಗೆ ಮಾತ್ರ ಮೊದಲಿಗಿಂತ ನೆಟ್ಟಗಿತ್ತು. "ಹರಡಿದಾವ ನಾನು, ಕೂಡಿಸಾವನೂ ನಾನೇ. ಸಂಜಿ ಒಳಗ ಐದೂ ತಾಲೂಕಿಗೆ ಮುಟ್ಟಿಸ್ತೀನಿ. ಈಗ ಆ ಹುಡುಗಿನ ಉಳಿಸಾಕ ಏನು ಬೇಕು, ಅದನ್ನ ಹೇಳ್ರಿ."

ಉಚ್ಚಂಗೆಮ್ಮನಿಗೆ ಅವರ ಮೇಲೆ ಗೌರವ ಬಂತು. ತಪ್ಪು ಒಪ್ಪಿಕೊಳ್ಳುವಾಗ ಜನ ಸಾಮಾನ್ಯವಾಗಿ ಕುಗ್ಗುತ್ತಾರೆ. ಈ ಮನುಷ್ಯ ಅದನ್ನೂ ಯಜಮಾನಿಕೆಯಿಂದಲೇ ಮಾಡಿದ್ದರು.

"ಶ್ರಾವಣದಾಗ ಬಂದ ಗಂಟು ಯಾರದು, ಅದು ಬೇಕು."

"ಗಿರಾಕಿ ಕಳಿಸಿದ್ದು ಯಾವುದೂ ನಾನು ಅಳಿಸಂಗಿಲ್ಲ. ನೋಡಪ್ಪ ಅಲ್ಲಿ, ಒಬ್ಬೊಬ್ಬರದು ಒಂದೊಂದು ಫೋಲ್ಡರ್."

ಭೀಮೇಶ್ ಆ ಫೈಲು ಹೊಕ್ಕ ದಿನಕ್ಕೆ ಬಂದ ಗಂಟುಗಳನ್ನು ತೆಗೆದ. ಒಂದು ಹೊಳಲಿನ ಯಾರದೋ ಗೃಹಪ್ರವೇಶದ ಪತ್ರಿಕೆ. ಒಳಗೆ ಏನೂ ಇರಲಿಲ್ಲ. ಇನ್ನೊಂದನ್ನು ಬಿಚ್ಚದೆ, ಒಳಗಿನ ಚೀಟಿಗಳನ್ನಷ್ಟೇ ಹೊರಗಿನಿಂದ ಓದುವ ಹಾಗೆ ತೆರೆದ. ಎರಡು ಫೋಟೋ, ಒಂದು ಪುಟ ಬರಹ, ಮತ್ತು ದೇವರ ಕೋಣೆಗೆ ಹೋಗಬೇಕೆಂದು ಚೀಟಿ ಅಂಟಿಸಿಕೊಂಡ ಒಂದು ಫೈಲು.

"ಸಿಕ್ತು," ಅಂದ.

"ಯಾರದಪ್ಪ?"

ಭೀಮೇಶ್ ಕುರ್ಚಿಯನ್ನು ಸ್ವಲ್ಪ ಸರಿಸಿದ, ಅವಳೇ ನೋಡಲಿ ಎಂದು.

ಕಾಣೆಯಾದವರ ಪೋಸ್ಟರ್. ಅದೇ ಫೋಲ್ಡರಿನಲ್ಲಿ ಆಗ ಬಿಚ್ಚಿಟ್ಟಿದ್ದ ವಯಸ್ಸಾದ ಹೆಂಗಸಿನ ಫೋಟೋವನ್ನು ಉಚ್ಚಂಗೆಮ್ಮ ಗುರುತು ಹಿಡಿದಳು. ಆ ಅಜ್ಜಿಯನ್ನು ಹುಡುಕಿ ಹಲವಾಗಲಿನ ಹೊಳೆ ದಂಡೆಯಲ್ಲಿ ಕಂಡು ಮನೆಗೆ ಮುಟ್ಟಿಸಿದವಳು ಅವಳೇ. ಕಳಿಸಿದವರ ಜಾಗದಲ್ಲಿ ಇದ್ದದ್ದು ಹಗರಿಗುಡ್ಡ ಠಾಣೆಯ ಮೇಲ್.

"ಹೂಂ, ನೆನಪೈತಿ," ಅಂದರು ಕೊಟ್ರಬಸಪ್ಪ ಮೆಲ್ಲಗೆ. "ಪೊಲೀಸ್ನೋರ ಕೆಲಸ, ಪುಣ್ಯದ ಕೆಲಸ ಅಂತ ಪುಕ್ಕಟ ಹಾಕಿಕೊಟ್ಟೆ."

ಉಚ್ಚಂಗೆಮ್ಮ ಟೋಪಿಯನ್ನು ಮೇಜಿನಿಂದ ತೆಗೆದುಕೊಂಡಳು. ಹಾಕಿಕೊಳ್ಳಲಿಲ್ಲ. ಕಾನ್‌ಸ್ಟೇಬಲ್ ಆಗಿ ಸೇರಿದ ದಿನದಿಂದ ಖಾಕಿಯ ಮೇಲೆ ಒಂದು ಕಲೆ ಬೀಳದಂತೆ ಬಾಳಿದ್ದಳು. ಹರಪನಹಳ್ಳಿ ಕಡೆಯ ತನ್ನ ಊರಿನಲ್ಲಿ ಅವಳನ್ನು ತೋರಿಸಿ ತಾಯಂದಿರು ಹೆಣ್ಣುಮಕ್ಕಳಿಗೆ ಓದು ಅನ್ನುತ್ತಿದ್ದರು. ತನ್ನ ಠಾಣೆಯೇ ಈ ವಿಷದ ಮೊದಲ ಬಾಗಿಲು ಎಂದು ಈಗ ತನ್ನ ಕೈಯಿಂದಲೇ ಬರೆಯಬೇಕು.

ಬರೆಯುತ್ತೇನೆ, ಅಂದುಕೊಂಡಳು. ಖಾಕಿ ಹಾಕಿಕೊಂಡದ್ದು ಇಂಥದ್ದನ್ನು ಬರೆಯುವುದಕ್ಕೇ.

"ಠಾಣೆಯೊಳಗ ಯಾರೋ ಬೇಕಂತ ಕಳಿಸಿರಬಹುದು, ಇಲ್ಲಾ ನಿಮ್ಮ ಮಷೀನಿಗೂ ಬ್ಯಾರೆ ಎಲ್ಲಿಂದಲೋ ಬಂದಿರಬಹುದು ಅಕ್ಕಾರ," ಅಂದ ಭೀಮೇಶ್. "ಅದು ತಿಳೀಬೇಕಂದ್ರ ಠಾಣೆ ಕಂಪ್ಯೂಟರ್ ಈಗ ಹೆಂಗೈತೋ ಹಂಗೇ ಇರಬೇಕು. ರೇಖಾ ಏನೂ ಮಾಡಿಲ್ಲ ಅನ್ನೋದಕ್ಕ ಮೂಲ ಸಾಕ್ಷಿ ಅದೇ."

ಉಚ್ಚಂಗೆಮ್ಮ ಆಗಲೇ ಸಬ್ ಇನ್‌ಸ್ಪೆಕ್ಟರಿಗೆ ಫೋನ್ ಹಚ್ಚಿದ್ದಳು.

"ಹೇಳ್ರಿ ಉಚ್ಚಂಗೆಮ್ಮಾರ," ಅಂದ ಗವಿಸಿದ್ದೇಶ್. ಉಣ್ಣುತ್ತಿದ್ದ ಅಂತ ಕಾಣುತ್ತದೆ, ಬಾಯಿ ತುಂಬಿತ್ತು. "ಕೈ ಎಂಜಲು ಐತಿ, ಸ್ಪೀಕರಿಗೆ ಹಾಕೀನಿ. ಮಾತಾಡ್ರಿ."

"ಸರ್, ನಮ್ಮ ಠಾಣೆ ಕಂಪ್ಯೂಟರ್ ಯಾರೂ ಮುಟ್ಟಬಾರದು. ಬಂದ್ ಸೈತ ಮಾಡಬಾರದು. ಪ್ರಶ್ನೆಪತ್ರಿಕೆ ಕೇಸಿಗೆ ಅದು ಸಾಕ್ಷಿ ಆಗೈತಿ. ನಾನು ಹೊಂಟು ಬರಾಕತ್ತೀನಿ."

ಆ ಕಡೆ ಅಗಿಯುವ ಸದ್ದು ನಿಂತಿತು.

"ತಡಾ ಆತಲ್ರೀ," ಅಂದ ಗವಿಸಿದ್ದೇಶ್. ಬಾಯಿ ಈಗ ಖಾಲಿಯಾಗಿತ್ತು. "ಅದು ಬಾಳ ಸ್ಲೋ ಆಗಿತ್ತು. ಎಲ್ಲಾ ಅಳಿಸಿ ಹೊಸದಾಗಿ ಹಾಕಾಕ ಹೇಳೀನಿ. ಕೆಲಸ ನಡದೈತಿ."

"ಯಾರ ಕೈಲೆ ಸರ್?"

"ನಿಮ್ಮ ರೇಖಾನೇ. ವರದಿ ಏನಾತು ಅಂತ ಕೇಳಾಕ ಬಂದಿದ್ಲು. ಕಂಪ್ಯೂಟರ್ ಬಲ್ಲ ಹುಡುಗಿ, ಕುಂದ್ರಿಸೀನಿ."

ಆರೋಪ ಹೊತ್ತವಳ ಕೈಯಿಂದಲೇ ಸಾಕ್ಷಿ ಅಳಿಸಿ ಹೋದರೆ, ಸೋಮವಾರ ಬರೆಯಲು ಇನ್ನೊಂದು ಅಪರಾಧವೂ ಸಿಕ್ಕ ಹಾಗೆ.

"ಸರ್," ಅಂತ ಫೋನಿನ ಒಳಗೆ, ದೂರದಿಂದ, ರೇಖಾಳ ದನಿ ಕೇಳಿತು. "ಕೊನೇ ಸಲ ಕೇಳಾಕತ್ತೈತ್ರಿ. ಒತ್ತಿದ್ರ ಎಲ್ಲಾ ಅಳಿಸಿ ಹೋಗತೈತಿ."

"ಒತ್ತವ್ವ," ಅಂದ ಗವಿಸಿದ್ದೇಶ್.

ಉಚ್ಚಂಗೆಮ್ಮ ಬಾಯಿ ತೆರೆಯುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು ಬಂತು. ಆಮೇಲೆ ಅದೇ ದನಿ, ಈಗ ಹತ್ತಿರದಲ್ಲಿ, ಎದ್ದು ನಿಂತು ಮಾತಾಡುವವರ ದನಿ.

"ಸಾಕ್ಷಿ ಅಂತ ಮೇಡಮ್ಮಾರು ಈಗ ಅಂದದ್ದು ನನಗೂ ಕೇಳ್ತು ಸರ್. ನಾನು ಒತ್ತಂಗಿಲ್ಲ. ಬೇಕಂದ್ರ ಕೈ ತೊಳ್ಕೊಂಡು ಬಂದು ನೀವೇ ಒತ್ರಿ. ಅವರೂ ಕೇಳಾಕತ್ತಾರ."

ಎಂದೋ ದ್ಯಾಮಕ್ಕನ ಸೆರಗಿನ ಹಿಂದೆ ನಿಂತು ನೋಡುತ್ತಿದ್ದ ಹುಡುಗಿ ಇವಳೇನಾ ಅನ್ನಿಸಿ ಉಚ್ಚಂಗೆಮ್ಮನ ಎದೆ ಉಬ್ಬಿತು.

ನೀರು ಸುರಿಯುವ ಸದ್ದು ಬಂತು. ಹೆಜ್ಜೆಯ ಸದ್ದು ಬಂತು. ಒತ್ತಿದನೋ ಇಲ್ಲವೋ ತಿಳಿಯುವ ಮೊದಲೇ ಫೋನು ಕಟ್ಟಾಯಿತು.